ಕೋರಮಂಡಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಈ ಸಲ ಅಡುಗೆ ಇಲ್ಲ, ಹಪ್ಪಳ ಸಂಡಿಗೆ ಇಲ್ಲ. ದೂರದ ಲೆಕ್ಕ ಬರೀತೀನಿ. ಬೇಜಾರಾದ್ರೆ ಬೈಕೊಳ್ಳಿ, ಆದ್ರೆ ಕೊನೇ ತನಕ ಓದಿ. ಕೊನೇಲಿ ನಿಮ್ಮೆಲ್ಲರ ಹತ್ರ ಒಂದು ಮಾತು ಕೇಳೋದೈತೆ.

ಹೋದ ತಿಂಗಳು ಬಂಗಾರಪೇಟೇಲಿ ನಮ್ಮೋರ ಮನೆ ಸೀಮಂತಕ್ಕೆ ಹೋಗಿದ್ದೆ. ಊಟ ಆಗಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಾಗ ನಮ್ಮ ಸೋದರತ್ತೆ ಕೇಳಿದ್ರು, "ನಿನ್ ಮಗಳ ಊರು ಇಲ್ಲಿಂದ ಎಷ್ಟು ದೂರ ಆಯ್ತದಮ್ಮ?"

"ಹದಿನೇಳು ಗಂಟೆ ಅತ್ತೆ" ಅಂದೆ.

"ಗಂಟೆ ಯಾರ್ ಕೇಳಿದ್ರು? ದೂರ ಎಷ್ಟು ಅಂದೆ."

"ಹದಿನಾಲ್ಕು ಸಾವಿರ ಕಿಲೋಮೀಟರ್."

ಅತ್ತೆ ಒಂದು ಗಳಿಗೆ ಸುಮ್ನಿದ್ರು. ಆಮೇಲೆ "ಅಂಗಾರೆ ಗಂಟೆ ಲೆಕ್ಕಾನೇ ವಾಸಿ ಬಿಡು. ಕಿಲೋಮೀಟ್ರು ಕೇಳಿದ್ರೆ ಎದೆ ಧಸಕ್ ಅಂತದೆ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದ್ರೆ ಬಸ್ಸಲ್ಲಿ ವಾಪಸ್ ಬರೋವಾಗ ಆ ಮಾತು ತಲೇಲೇ ಸುತ್ತುತಾ ಇತ್ತು. ಯಾಕಂದ್ರೆ ಈ ದೂರದ ಲೆಕ್ಕ ನಮ್ಮ ಮನೇಲಿ ಒಂದ್ಸಲ ಬಹಳ ನೋವು ಕೊಟ್ಟೈತೆ.

2018ರ ಆಗಸ್ಟಲ್ಲಿ ನಮ್ಮಮ್ಮ ಹೋದ್ರಲ್ಲ, ಬೆಳಗಿನ ಜಾವ ನಾಲ್ಕು ಗಂಟೆ. ನನ್ನ ಮಗಳು ಬೆಳೆದಿದ್ದೆಲ್ಲಾ ಅಜ್ಜಿ ಮಡಿಲಲ್ಲೇ ಅನ್ನೋದು ನಿಮಗೆಲ್ಲಾ ಗೊತ್ತು. ನಾಲ್ಕೂವರೆಗೆ ಫೋನ್ ಮಾಡಿದ್ವಿ. ಅವಳಿಗೆ ಅಲ್ಲಿ ಹಿಂದಿನ ದಿನದ ಸಂಜೆ ನಾಲ್ಕು. "ಅಮ್ಮಾ, ನಾನು ಬರೋ ತನಕ ಇಟ್ಟಿರಿ" ಅಂದ್ಲು. ಅಷ್ಟೇ ಮಾತು. ಇಲ್ಲಿ ದೊಡ್ಡೋರೆಲ್ಲಾ ಕೂತು ಮಾತಾಡಿ, ರಾತ್ರಿ ಇಡೋ ಹಂಗಿಲ್ಲ, ಪದ್ಧತಿ ಅಲ್ಲ ಅಂದ್ರು. ಸಾಯಂಕಾಲ ನಾಲ್ಕಕ್ಕೆ ಮಣ್ಣಿಗಿಟ್ವಿ. ನಮ್ಮ ತಮ್ಮನ ಮಗ ಫೋನ್ ಹಿಡ್ಕೊಂಡು ವಿಡಿಯೋದಲ್ಲಿ ತೋರಿಸೋಣ ಅಂದ್ರೆ ಅವಳು ಆಗ ಆಕಾಶದಲ್ಲಿದ್ಲು, ಸಿಗಲಿಲ್ಲ. ಮಾರನೇ ದಿನ ಸಾಯಂಕಾಲ ನಾಲ್ಕಕ್ಕೆ ಬಂದು ಬಾಗಿಲಲ್ಲಿ ನಿಂತ್ಲು. ಸರಿಯಾಗಿ ಒಂದು ದಿನ ತಡ. ಮೂರನೇ ದಿನ ಹಾಲು ತುಪ್ಪ ಬಿಡೋವಾಗ ಅವಳ ಕೈಲೂ ಬಿಡಿಸಿದ್ವಿ. ಅವಳು ಯಾರನ್ನೂ ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವು.

ಅವತ್ತಿಂದ ನನಗೊಂದು ಹುಚ್ಚು. ದೂರ ಅಂದ್ರೆ ಏನು, ಹಿಂದಿನ ಕಾಲದೋರು ಹೆಂಗೆ ಅಳೀತಿದ್ರು, ನಮ್ಮ ಚಿನ್ನದ ಗಣಿ ಊರಿಗೆ ದೂರದಿಂದ ಯಾರ್ಯಾರು ಎಷ್ಟೆಷ್ಟು ದಿನ ತಗೊಂಡು ಬಂದ್ರು, ಅಂತ ಸಿಕ್ಕಿದ್ದೆಲ್ಲಾ ಓದೋಕೆ ಶುರು ಮಾಡಿದೆ. ಪಿಯುಸಿಲಿ ನಂದು ಹಿಸ್ಟರಿ ತಾನೇ. ಓದಿದ್ದನ್ನ ನಿಮಗೂ ಹೇಳ್ತೀನಿ.

ನಮ್ಮ ಅಜ್ಜಿ ಕಾಲದಲ್ಲಿ ಹರದಾರಿ ಲೆಕ್ಕ. ಒಂದು ಹರದಾರಿ ಅಂದ್ರೆ ಸುಮಾರು ಮೂರು ಮೈಲಿ. ಆದ್ರೆ ನಿಜವಾಗಿ ಹೆಂಗಸರು ಮಾತಾಡ್ತಾ ಇದ್ದಿದ್ದು ಹೊತ್ತಿನ ಲೆಕ್ಕದಲ್ಲೇ. "ತಂಗಳು ಉಂಡು ಹೊರಟ್ರೆ ಹೊತ್ತು ನೆತ್ತಿಗೆ ಬರೋ ಹೊತ್ತಿಗೆ ತೌರು ಸೇರ್ತೀನಿ" ಅಂತ. ಹೆಣ್ಣು ಕೊಡೋವಾಗಲೂ ಇದೇ ಲೆಕ್ಕ. ಬೆಳಗ್ಗೆ ಗಾಡಿ ಕಟ್ಟಿದ್ರೆ ದೀಪ ಹಚ್ಚೋದರೊಳಗೆ ಮುಟ್ಟೋ ಊರಿಗೆ ಕೊಡೋದು. ಈ ಮಾತನ್ನ ನೆನಪಲ್ಲಿಟ್ಕೊಳ್ಳಿ, ಕೊನೇಲಿ ಬೇಕಾಗ್ತದೆ.

ಈಗ ನಮ್ಮ ಚಿನ್ನದ ಕಥೆಗೆ ಬನ್ನಿ. ಇಲ್ಲಿ ಚಿನ್ನ ಐತೆ ಅಂತ ಇಂಗ್ಲಿಷರಿಗೆ ಮೊದಲು ಬರೆದು ತಿಳಿಸಿದ್ದು ಜಾನ್ ವಾರನ್ ಅನ್ನೋ ಲೆಫ್ಟಿನೆಂಟ್, 1802ರಲ್ಲಿ. ಅವರು ಚಿನ್ನ ಹುಡುಕೋಕೆ ಬಂದವರಲ್ಲ. ಟಿಪ್ಪು ಸುಲ್ತಾನ್ ಹೋದ ಮೇಲೆ ಮೈಸೂರು ಸೀಮೆಯ ಮೂಡಲ ಗಡಿ ಎಲ್ಲಿಂದ ಎಲ್ಲಿಗೆ ಅಂತ ಅಳೆಯೋಕೆ ಬಂದವರು. ಊರಿಗಾಂವು, ಮಾರಿಕುಪ್ಪಂ ಕಡೆ ಜನ ಮಣ್ಣು ತೊಳೆದು ಚಿನ್ನದ ಕಣ ತೆಗೀತಾರೆ ಅಂತ ಕೇಳಿ, ಎದುರಿಗೇ ತೊಳೆಸಿ ನೋಡಿದ್ರು. ಗಂಡಸರು ಗುಂಡೀಲಿ ಇಳಿದು ಕಲ್ಲು ಕೊಟ್ರೆ ಅದನ್ನ ಕುಟ್ಟಿ ಪುಡಿ ಮಾಡೋದು ಹೆಂಗಸರ ಕೆಲಸವಾಗಿತ್ತು. ನೋಡಿ, ಈ ಊರಿನ ಚಿನ್ನದ ಚರಿತ್ರೆ ಒರಳು ಒನಕೆ ಹಿಡಿದ ಕೈಯಿಂದಲೇ ಶುರು.

ವಾರನ್ ಅವರು ಆಮೇಲೆ ಮದರಾಸಿನ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಿ ಅಕ್ಷಾಂಶ ರೇಖಾಂಶ ಲೆಕ್ಕ ಹಾಕೋ ಕೆಲಸ ಮಾಡಿದ್ರು. ಅದೇ 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಅನ್ನೋರು ಮದರಾಸಲ್ಲಿ ಕಬ್ಬಿಣದ ಸರಪಳಿ ಎಳೆದು ಇಡೀ ದೇಶ ಅಳೆಯೋ ಕೆಲಸ ಶುರು ಮಾಡಿದ್ರು. ಸರಪಳಿಯಿಂದ ನೆಲದ ಮೇಲೆ ಒಂದು ಗೆರೆ ಅಳೆದು, ಅಲ್ಲಿಂದ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋನ ನೋಡ್ಕೊಂಡು ಮುಂದಕ್ಕೆ ಹೋಗೋದು. ಇವತ್ತು ನಿಮ್ಮ ಫೋನು ಎರಡು ಏರ್‌ಪೋರ್ಟ್ ಮಧ್ಯೆ ಇಷ್ಟು ಕಿಲೋಮೀಟರ್ ಅಂತ ಕಣ್ಣು ಮುಚ್ಚಿ ಬಿಡೋದರೊಳಗೆ ಹೇಳ್ತದಲ್ಲ, ಅದರ ಲೆಕ್ಕಕ್ಕೂ ಅಕ್ಷಾಂಶ ರೇಖಾಂಶಾನೇ ಬುಡ. ಅದನ್ನ ಗುಡ್ಡ ಹತ್ತಿ ಇಳಿದು ಒಬ್ಬೊಬ್ಬರು ಕೂಡಿಟ್ಟರು.

ವಾರನ್ ಬರೆದಿದ್ದು ಎಷ್ಟೋ ವರ್ಷ ಕಾಗದದಲ್ಲೇ ಉಳೀತು. ಮೈಕಲ್ ಲವೆಲ್ ಅನ್ನೋ ಐರಿಷ್ ಸೈನಿಕರು, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿಗೆ ಬಂದು ನೆಲೆಸಿದವರು, ಅದನ್ನ ಓದಿ 1871ರಲ್ಲಿ ಎತ್ತಿನ ಗಾಡೀಲಿ ಕೋಲಾರಕ್ಕೆ ಹೊರಟರು. 60 ಮೈಲಿ. ಈಗ ನಾವು ಎರಡು ಗಂಟೇಲಿ ಹೋಗೋ ದಾರಿ ಗಾಡೀಲಿ ದಿನಗಟ್ಟಲೆ. 1873ರಲ್ಲಿ ಅವರು ಗಣಿ ತೋಡೋಕೆ ಅರ್ಜಿ ಹಾಕಿದ್ರು. ಆಮೇಲೆ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು, ಇಂಗ್ಲೆಂಡಿನ ತೆಂಕಣ ಮೂಲೇಲಿರೋ ಕಾರ್ನ್‌ವಾಲ್ ಸೀಮೆಯಿಂದ ಗಣಿ ಕೆಲಸ ಬಲ್ಲವರು ಬಂದ್ರು. ನಮ್ಮ ಕಡೆಯಿಂದ ಮಕ್ಕಳು ಅಮೆರಿಕಾಕ್ಕೆ ಹೋದ ಹಾಗೆ ಆಗ ಅಲ್ಲಿಯ ಮಕ್ಕಳು ನಮ್ಮೂರಿಗೆ ಬಂದಿದ್ದು. ಅವರ ತಾಯಂದಿರೂ ನಮ್ಮ ಹಾಗೇ ಅಲ್ಲಿ ಬಾಗಿಲಲ್ಲಿ ನಿಂತು ಕಳಿಸಿರಬೇಕಲ್ವಾ?

ಅವರು ಎಷ್ಟು ದಿನದಲ್ಲಿ ಬತ್ತಾ ಇದ್ರು? ಮೊದಲು ಇಂಗ್ಲೆಂಡಿನ ಹಡಗು ಅಂದ್ರೆ ಇಡೀ ಆಫ್ರಿಕಾ ಸುತ್ಕೊಂಡು ಬರಬೇಕಿತ್ತು. ಹಾಯಿ ಹಡಗಿಗೆ ಗಾಳಿ ಒಲಿದ ಹಾಗೆ, ತಿಂಗಳುಗಟ್ಟಲೆ. 1869ರಲ್ಲಿ ಸೂಯೆಜ್ ಕಾಲುವೆ ಶುರುವಾಯಿತು. ಲಂಡನ್ನಿಂದ ಬೊಂಬಾಯಿಗೆ ಆಫ್ರಿಕಾ ಸುತ್ತಿ ಬಂದ್ರೆ ಸುಮಾರು 19,800 ಕಿಲೋಮೀಟರ್. ಕಾಲುವೇಲಿ ಬಂದ್ರೆ ಸುಮಾರು 11,600. ಊರುಗಳು ಇದ್ದಲ್ಲೇ ಇದ್ವು, ದಾರಿ ಮಾತ್ರ ಕಡಿಮೆ ಆಯಿತು. ಹೊಗೆ ಹಡಗೂ ಬಂದಿದ್ದರಿಂದ ಮೂರು ನಾಲ್ಕು ವಾರದ ಪ್ರಯಾಣ ಆಯಿತು. ನೆಲದ ಮೇಲೆ ರೈಲು ಮೊದಲೇ ಬಂದಿತ್ತು. ಬೆಂಗಳೂರು ದಂಡಿನಿಂದ ಜೋಲಾರಪೇಟೆ ತನಕ 1864ರಲ್ಲೇ. ನಮ್ಮ ಬಂಗಾರಪೇಟೆಗೆ ಬಂಗಾರದಿಂದ ಹೆಸರು ಬಂತು ಅಂತ ನಾನೂ ಚಿಕ್ಕವಳಿದ್ದಾಗ ಅಂದ್ಕೊಂಡಿದ್ದೆ. ಅದು ಬೌರಿಂಗ್ ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಅಲ್ಲಿಂದ ಕೋರಮಂಡಲ್, ಊರಿಗಾಂವು, ಚಾಂಪಿಯನ್ ದಾಟಿ ಮಾರಿಕುಪ್ಪಂ ತನಕ ರೈಲು ಬಂದಿದ್ದು 1894ರಲ್ಲಿ. ನಾವು ಇವತ್ತೂ ಹತ್ತೋದು ಅದೇ ಹಳಿ.

ಈಗ ಒಂದು ವಿಷಯ ಹೇಳ್ತೀನಿ, ಇದನ್ನ ಓದಿದಾಗ ನನಗೆ ಮೈ ಜುಮ್ ಅಂತು. 1870ರಲ್ಲಿ ಬೊಂಬಾಯಿಯಿಂದ ಸಮುದ್ರದ ತಳದಲ್ಲಿ ತಂತಿ ಹಾಸ್ಕೊಂಡು ಹೋಗಿ ಇಂಗ್ಲೆಂಡಿಗೆ ಮುಟ್ಟಿಸಿದ್ರು, ಟೆಲಿಗ್ರಾಂ ಕಳಿಸೋಕೆ. ಆ ತಂತಿ ಅಲ್ಲಿ ದಡ ಹತ್ತಿದ ಜಾಗ ಪೋರ್ತ್‌ಕರ್ನೋ ಅಂತ, ಅದು ಇರೋದು ಕಾರ್ನ್‌ವಾಲ್‌ನಲ್ಲೇ! ಅಂದ್ರೆ ನಮ್ಮೂರಿನ ಗಣಿಗೆ ಬಂದವರ ಸೀಮೆಯಲ್ಲೇ. ಇಲ್ಲಿ ಗಣೀಲಿ ಒಬ್ಬರಿಗೆ ಏನಾದ್ರೂ ಆಯ್ತು ಅಂದ್ರೆ ಸುದ್ದಿ ಗಂಟೆಗಳ ಲೆಕ್ಕದಲ್ಲಿ ಅಲ್ಲಿಗೆ ಹೋಗಬಹುದಿತ್ತು. ಮನುಷ್ಯರು ಬರೋಕೆ ಮಾತ್ರ ಇನ್ನೂ ವಾರಗಳೇ ಬೇಕು.

ತಂತಿ ಅನ್ನೋದೇ ಬರೋಕೆ ಮುಂಚೆ ಸುದ್ದೀನೂ ಮನುಷ್ಯರೂ ಒಂದೇ ಹಡಗಲ್ಲಿ, ಒಂದೇ ಗಾಡೀಲಿ ಬತ್ತಾ ಇದ್ರು. ತಿಳಿಯೋ ಹೊತ್ತಿಗೆ ಎಲ್ಲಾ ಮುಗಿದಿರೋದು. ಅಳೋದು ಬಿಟ್ರೆ ಬೇರೆ ಏನೂ ಮಾಡೋ ಹಾಗಿಲ್ಲ. ತಂತಿ ಬಂದ ಮೇಲೆ ಹೊಸ ಸಂಕಟ ಶುರುವಾಯಿತು. ತಿಳಿದೈತೆ, ಆದ್ರೆ ಹೋಗೋಕಾಗಲ್ಲ. ನನ್ನ ಲೆಕ್ಕದಲ್ಲಿ ದೂರ ಅಂದ್ರೆ ಇದೇ ಕಣ್ರಮ್ಮ. ಸುದ್ದಿ ಮುಟ್ಟೋದಕ್ಕೂ ಮನುಷ್ಯರು ಮುಟ್ಟೋದಕ್ಕೂ ಮಧ್ಯೆ ಇರೋ ಹೊತ್ತು.

ಇದು ಸಮುದ್ರ ದಾಟಿದವರಿಗೆ ಮಾತ್ರ ಅಲ್ಲ. ಮೈನ್ಸ್ ಮನೆಗಳ ಹೆಂಗಸರಿಗೆ ಕಾಲಡೀಲೇ ಈ ದೂರ ಇತ್ತು. ನಮ್ಮ ಮಾವನವರು ಚಾಂಪಿಯನ್ ರೀಫಿನಲ್ಲಿದ್ರು. ಆ ಗಣಿ ಸುಮಾರು 3.2 ಕಿಲೋಮೀಟರ್ ಆಳ. ನೆಲದ ಮೇಲೆ ಅಷ್ಟು ದೂರ ಅಂದ್ರೆ ಮುಕ್ಕಾಲು ಗಂಟೆ ನಡಿಗೆ, ಸಂತೆಗೆ ಹೋಗಿ ಬಂದಷ್ಟು. ಆದ್ರೆ ಕೆಳಕ್ಕೆ ಹೋಗೋಕೆ ಒಂದು ಶಾಫ್ಟಲ್ಲಿ ಕೇಜ್ ಇಳಿದು, ನಡೆದು, ಇನ್ನೊಂದು ಶಾಫ್ಟಲ್ಲಿ ಮತ್ತೆ ಇಳೀಬೇಕು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟ್ತಿತ್ತು. ಅಷ್ಟು ಆಳದಲ್ಲಿ ಕಲ್ಲು ಒತ್ತಡ ತಡೀಲಾರದೆ ಸಿಡೀತಿತ್ತು. ನಮ್ಮ ಜನ ಅದನ್ನ ಏರ್ ಬ್ಲಾಸ್ಟ್ ಅಂತಿದ್ರು. ನಮ್ಮತ್ತೆ ಹೇಳೋರು, "ಮನೇಲಿ ಗೂಡಲ್ಲಿಟ್ಟ ಪಾತ್ರೆ ಗಲಗಲ ಅಂದ್ರೆ ಸಾಕು, ಸೊಂಟದಲ್ಲಿರೋ ಕೂಸು ಸಮೇತ ಶಾಫ್ಟ್ ಹತ್ರ ಓಡ್ತಿದ್ವಿ" ಅಂತ. ಪಾತ್ರೆ ಅಲ್ಲಾಡೋದೇ ಸುದ್ದಿ. ಅದು ಒಂದು ಕ್ಷಣದಲ್ಲಿ ಬತ್ತಾ ಇತ್ತು. ಗಂಡಸರು ಮೇಲೆ ಬರೋಕೆ ಗಂಟೆಗಳು, ಕೆಲವು ಸಲ ದಿನಗಳು. ಅಷ್ಟು ಹೊತ್ತೂ ಗೇಟ್ ಹತ್ರ ಕಾಯೋದು. ತಮಿಳಿನೋರು, ತೆಲುಗಿನೋರು, ನಾವು, ಎಲ್ಲರೂ ಒಟ್ಟಿಗೆ. ಅತ್ತೆಗೆ ಮೂರು ಕಿಲೋಮೀಟರ್ ಎಷ್ಟು ದೂರ ಅನ್ನೋದು ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

ಇನ್ನು ವಿಮಾನದ ಕಥೆ. ವಿಮಾನದಲ್ಲೂ ಮೊದಲು ಹಾರಿದ್ದು ಕಾಗದ ಪತ್ರಗಳೇ ನೋಡಿ. 1929ರಲ್ಲಿ ಲಂಡನ್ನಿಂದ ಕರಾಚಿ ತನಕ ವಿಮಾನದ ದಾರಿ ಶುರುವಾಯಿತು, ಅಲ್ಲಲ್ಲಿ ಇಳಿದು ಇಳಿದು ಏಳು ದಿನ. 1932ರ ಅಕ್ಟೋಬರ್ 15ಕ್ಕೆ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಹೊತ್ತ ಸಣ್ಣ ವಿಮಾನವನ್ನ ತಾವೇ ನಡೆಸಿ ಬೊಂಬಾಯಿಗೆ ತಂದ್ರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮೇಲಾಗಿ ಮದರಾಸಿಗೆ ಮುಟ್ಟಿಸಿದ್ರು. ನಮ್ಮ ಕರ್ನಾಟಕದ ನೆಲಕ್ಕೆ ಟಾಟಾ ಟಪಾಲು ವಿಮಾನ ಇಳಿದಿದ್ದು ಹಾಗೆ, ಬಳ್ಳಾರೀಲಿ. ಸ್ವಾತಂತ್ರ್ಯ ಬಂದ ಮೇಲೆ 1948ರ ಜೂನ್ 8ಕ್ಕೆ ಏರ್ ಇಂಡಿಯಾದ "ಮಲಬಾರ್ ಪ್ರಿನ್ಸೆಸ್" ಬೊಂಬಾಯಿಯಿಂದ ಲಂಡನ್ನಿಗೆ ಹೊರಟಿತು. ಅದೂ ಕೈರೋ, ಜಿನೀವಾದಲ್ಲಿ ಇಳಿದು ಹೋಗಿದ್ದು. ಒಂದೇ ಉಸಿರಿಗೆ ಹಾರೋ ಶಕ್ತಿ ಇನ್ನೂ ಬಂದಿರಲಿಲ್ಲ.

ನಮ್ಮೂರಲ್ಲಿ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ದಿನ ನೆನೆಸ್ಕೊಂಡ್ರೆ ಇವತ್ತೂ ಹೊಟ್ಟೆ ಕಲಸ್ತದೆ. ಆಮೇಲೆ ನಮ್ಮ ಮಕ್ಕಳೆಲ್ಲಾ ಬೆಳಗಾಗೆದ್ದು ಬೆಂಗಳೂರು ರೈಲು ಹಿಡಿಯೋರೇ ಆದ್ರು. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ನನ್ನ ಮಗಳೂ ಹಾಗೇ ಓದಿದ್ದು, ಹಾಗೇ ಕೆಲಸ ಹಿಡಿದಿದ್ದು. ಅಲ್ಲಿಂದ ಕಂಪನಿಯೋರು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ್ರು. ಕಾರ್ನ್‌ವಾಲ್‌ನೋರು ಚಿನ್ನ ಹುಡುಕ್ಕೊಂಡು ಇಲ್ಲಿಗೆ ಬಂದ್ರು, ಇಲ್ಲಿ ಚಿನ್ನ ಮುಗಿದ ಮೇಲೆ ನಮ್ಮೋರು ಅಲ್ಲಿಗೆ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಚಿನ್ನ ಸಿಕ್ಕೇ ಜನ ನುಗ್ಗಿದ್ದಂತೆ. ಚಿನ್ನದೂರಿಂದ ಚಿನ್ನದೂರಿಗೇ ಹೋದಳು ಅಂತ ನಮ್ಮ ಯಜಮಾನ್ರು ತಮಾಷೆ ಮಾಡ್ತಿರ್ತಾರೆ.

2018ರಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನೇರ ವಿಮಾನ ಇರಲಿಲ್ಲ. ಮಧ್ಯೆ ಎಲ್ಲಾದ್ರೂ ಇಳಿದು ಇನ್ನೊಂದು ಹತ್ತಬೇಕು. ನೇರ ವಿಮಾನ ಬಂದಿದ್ದು 2021ರ ಜನವರೀಲಿ. ಅದನ್ನ ನಡೆಸ್ಕೊಂಡು ಬಂದವರು ಹೆಂಗಸರು! ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಖ್ಯಸ್ಥೆ. ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಏರ್ ಇಂಡಿಯಾದ ಬೋಯಿಂಗ್ 777 ವಿಮಾನ, ಉತ್ತರ ಧ್ರುವದ ದಾರಿ. ಅಷ್ಟು ಉದ್ದ ಎಲ್ಲೂ ಇಳಿಯದೆ ಬರೋ ಸರ್ವೀಸನ್ನ ಭಾರತದ ಯಾವ ವಿಮಾನ ಕಂಪನಿಯೂ ಅಲ್ಲಿ ತನಕ ಮಾಡಿರಲಿಲ್ಲ. ಟಿವೀಲಿ ಆ ನಾಲ್ಕು ಜನ ನಡ್ಕೊಂಡು ಬರೋದು ನೋಡಿ ನಾನು ಒಲೆ ಮೇಲಿನ ಸಾರು ಉಕ್ಕಿಸಿಬಿಟ್ಟೆ.

ಧ್ರುವದ ದಾರಿ ಯಾಕೆ ಅಂತ ಕೇಳ್ತೀರ. ಗೋಡೆ ಮೇಲಿರೋ ಚಪ್ಪಟೆ ಮ್ಯಾಪ್ ನೋಡಿದ್ರೆ ಅರ್ಥ ಆಗಲ್ಲ. ಒಂದು ಸಿಹಿಗುಂಬಳಕಾಯಿ ತಗೊಳ್ಳಿ. ತೊಟ್ಟು ಮೇಲಕ್ಕಿರಲಿ, ಅದೇ ಉತ್ತರ ಧ್ರುವ. ನಡು ಸುತ್ತಳತೆಗಿಂತ ಒಂಚೂರು ಮೇಲೆ ಒಂದು ಕುಂಕುಮದ ಬೊಟ್ಟು ಇಡಿ, ಅದು ಬೆಂಗಳೂರು. ಹೆಚ್ಚೂ ಕಡಿಮೆ ಅದರ ಬೆನ್ನ ಕಡೆ, ಸ್ವಲ್ಪ ಇನ್ನೂ ಮೇಲಕ್ಕೆ ಇನ್ನೊಂದು ಬೊಟ್ಟು, ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ದಾರ ಹಿಡಿದು ಎರಡೂ ಬೊಟ್ಟು ಸೇರಿಸಿ ಬಿಗಿಯಾಗಿ ಎಳೀರಿ. ದಾರ ಪಕ್ಕದಿಂದ ಸುತ್ತಲ್ಲ, ತೊಟ್ಟಿನ ಹತ್ರ ಹಾದು ಹೋಗ್ತದೆ. ಅದೇ ಅತಿ ಹತ್ತಿರದ ದಾರಿ. ಆ ದಾರದ ಉದ್ದ ನಿಜವಾದ ಭೂಮಿ ಮೇಲೆ ಸುಮಾರು 14,000 ಕಿಲೋಮೀಟರ್. ಭೂಮಿಯ ಇಡೀ ಸುತ್ತಳತೆ ಸುಮಾರು 40,000. ಅಂದ್ರೆ ನನ್ನ ಮಗಳು ಭೂಮಿಯ ಸುತ್ತಳತೇಲಿ ಮೂರರಲ್ಲಿ ಒಂದು ಪಾಲಿಗಿಂತ ಆಚೆ ಅವಳೆ.

ಪೇಪರಲ್ಲಿ ಮಾತ್ರ ಆ ವಿಮಾನ ಸುಮಾರು 16,000 ಕಿಲೋಮೀಟರ್ ಹಾರಿತು ಅಂತ ಬಂದಿತ್ತು. ಎರಡರಲ್ಲಿ ಯಾವುದು ಸರಿ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. 14,000 ಅನ್ನೋದು ದಾರ ಎಳೆದ ಲೆಕ್ಕ. ಹಾರೋರು ದಾರದ ಮೇಲೇ ಹಾರೋಕಾಗಲ್ಲ. ಎದುರು ಗಾಳಿ ತಪ್ಪಿಸಬೇಕು, ಯಾವ ದೇಶ ತನ್ನ ಆಕಾಶದಲ್ಲಿ ಬಿಡ್ತದೋ ಅಲ್ಲೇ ಹೋಗಬೇಕು, ಏನಾದ್ರೂ ಆದ್ರೆ ಇಳಿಯೋಕೆ ಒಂದು ಜಾಗ ಕೈಗೆಟಕೋ ಹಾಗಿರಬೇಕು. ಧ್ರುವದ ಹತ್ರ ಇಂಧನವೇ ಹೆಪ್ಪುಗಟ್ಟೋಷ್ಟು ಚಳಿ, ಅದರ ಬಿಸಿ ಎಷ್ಟಿದೆ ಅಂತ ಪೈಲಟ್‌ಗಳು ನೋಡ್ತಾನೇ ಇರಬೇಕು. ಆ ಜಾತಿ ವಿಮಾನದಲ್ಲಿ ಸುಮಾರು 1,80,000 ಲೀಟರ್ ಇಂಧನ ಹಿಡೀತದೆ. ನಮ್ಮ ಬೀದಿಗೆ ಬರೋ 6,000 ಲೀಟರಿನ ನೀರಿನ ಟ್ಯಾಂಕರ್ ಲೆಕ್ಕದಲ್ಲಿ 30 ಟ್ಯಾಂಕರ್!

ಗಂಟೆ ಲೆಕ್ಕ ಇನ್ನೊಂದು ತಮಾಷೆ. ಆ ಮೊದಲನೇ ವಿಮಾನ ಅಲ್ಲಿಂದ ಹೊರಟಿದ್ದು ಜನವರಿ 9ರ ರಾತ್ರಿ ಎಂಟೂವರೆಗೆ, ಬೆಂಗಳೂರಲ್ಲಿ ಇಳಿದಿದ್ದು 11ರ ನಸುಕಿಗೆ, ಮೂರರ ಮೇಲೆ. ಮೂರು ಅಂತಲೇ ಇಟ್ಕೊಳ್ಳಿ. ಬೆರಳು ಮಡಿಸಿ ಎಣಿಸಿದ್ರೆ ಮೂವತ್ತೂವರೆ ಗಂಟೆ ಆಗ್ತದೆ. ಆದ್ರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. ಅದನ್ನ ಕಳೀರಿ, ಹದಿನೇಳು ಉಳೀತದೆ. ಬೇಸಿಗೇಲಿ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ. ಮಕ್ಕಳಿಗೆ ಫೋನ್ ಮಾಡೋವಾಗ ಇದನ್ನ ನೆನಪಿಟ್ಕೊಂಡ್ರೆ ನಡುರಾತ್ರೀಲಿ ಎಬ್ಬಿಸೋದು ತಪ್ತದೆ.

ನಾನು ಹೋಗಿದ್ದು 2022ರ ಕೊನೇಲಿ, ಬಾಣಂತನಕ್ಕೆ. ಬೆಳಗ್ಗೆ ಎಂಟಕ್ಕೆ ಕೋರಮಂಡಲ್ ಬಿಟ್ವಿ. ಕೋಲಾರ, ಹೊಸಕೋಟೆ ಮೇಲೆ ದೇವನಹಳ್ಳಿ ಸುಮಾರು 100 ಕಿಲೋಮೀಟರ್, ಮೂರು ಗಂಟೆ. ಅಲ್ಲಿ ಕಾಯೋದು ಮೂರೂವರೆ ಗಂಟೆ. ಮಧ್ಯಾಹ್ನ ಎರಡೂವರೆಗೆ ಹತ್ತಿ ಹದಿನಾರು ಗಂಟೆ ಕೂತೆ. ಇಳಿದಾಗ ಅಲ್ಲಿ ಅದೇ ತಾರೀಖಿನ ಸಂಜೆ ಐದು! ಬೀಸೋ ಗಾಳಿ ಹಿಂದಿನಿಂದ ತಳ್ಳಿದ್ರೆ ಹೋಗೋ ಹೊತ್ತು ಬರೋ ಹೊತ್ತಿಗಿಂತ ಕಡಿಮೆ ಆಗ್ತದಂತೆ. ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತಗೊಂಡು ಮಗಳ ಮನೆ ಮುಟ್ಟೋದಕ್ಕೆ ಇನ್ನೂ ಎರಡೂವರೆ. ಒಟ್ಟು ನಮ್ಮ ಹೊಸಲಿನಿಂದ ಅವಳ ಹೊಸಲಿಗೆ 25 ಗಂಟೆ. ಟಿಕೆಟಲ್ಲಿ ಬರೆದಿರೋದು 16. ಉಳಿದ 9 ಗಂಟೆ ಯಾವ ಟಿಕೆಟಲ್ಲೂ ಬರೆಯಲ್ಲ. ಹೋಗೋರು ಅದನ್ನ ಸೇರಿಸ್ಕೊಂಡು ಮಾತ್ರೆ, ಊಟ ನೋಡ್ಕೊಳ್ಳಿ. ಕಾಲು ಜೋಮು ಹಿಡೀತದೆ, ಎರಡು ಗಂಟೆಗೊಂದ್ಸಲ ಎದ್ದು ಓಡಾಡಿ.

ಆ ಹದಿನಾರು ಗಂಟೇಲಿ ನಿದ್ದೆ ಬರಲಿಲ್ಲ. ಎದುರಿನ ಪರದೆ ಮೇಲೆ ಪುಟ್ಟ ವಿಮಾನ ತೆವಳ್ತಾ ಇತ್ತು. ಅದನ್ನ ನೋಡ್ತಾ ಬೆರಳು ಮಡಿಸಿ ಒಂದು ಲೆಕ್ಕ ಹಾಕಿದೆ. ನಮ್ಮಮ್ಮ ಹೋದ ದಿನ ಈ ನೇರ ವಿಮಾನ ಇದ್ದಿದ್ರೆ?

ಮಗಳಿಗೆ ಸುದ್ದಿ ಮುಟ್ಟಿದ್ದು ಅವಳ ಸಂಜೆ ನಾಲ್ಕಕ್ಕೆ. ಎಂಟೂವರೆಗೆ ವಿಮಾನ ಸಿಕ್ಕಿದ್ರೆ ನಮಗೆ ಆಗ ಬೆಳಗ್ಗೆ ಒಂಬತ್ತು. ಹದಿನೇಳು ಗಂಟೆ ಸೇರಿಸಿದ್ರೆ ರಾತ್ರಿ ಎರಡಕ್ಕೆ ದೇವನಹಳ್ಳಿ. ಹೊರಗೆ ಬಂದು ಕಾರು ಹತ್ತಿ ಬಂಗಾರಪೇಟೆ ಪಕ್ಕದ ನಮ್ಮ ತೌರಿಗೆ ಬರೋ ಹೊತ್ತಿಗೆ ಬೆಳಗ್ಗೆ ಐದೂವರೆ. ಕೋಳಿ ಕೂಗೋ ಹೊತ್ತು. ನಾವು ಮಣ್ಣಿಗಿಟ್ಟಿದ್ದು ಹಿಂದಿನ ದಿನ ಸಾಯಂಕಾಲ ನಾಲ್ಕಕ್ಕೆ. ಅಂದ್ರೆ ಆ ನಾಲ್ಕು ಹೆಣ್ಣುಮಕ್ಕಳ ವಿಮಾನಾನೇ ಇದ್ದಿದ್ರೂ ನನ್ನ ಮಗಳಿಗೆ ಅಜ್ಜಿ ಮುಖ ಸಿಗ್ತಿರಲಿಲ್ಲ. ಕಮ್ಮಿ ಆಗಿದ್ದು ವಿಮಾನ ಅಲ್ಲ. ಒಂದು ರಾತ್ರಿ.

ಈಗ ಮೊದಲು ಹೇಳಿದ್ನಲ್ಲ, ಗಾಡಿ ಕಟ್ಟಿದ್ರೆ ದೀಪ ಹಚ್ಚೋದರೊಳಗೆ ಮುಟ್ಟೋ ಊರು ಅಂತ, ಅದಕ್ಕೆ ಬನ್ನಿ. ಸಾಯಂಕಾಲದೊಳಗೆ ಮಣ್ಣು ಮಾಡಬೇಕು ಅನ್ನೋ ಪದ್ಧತಿ ತಪ್ಪು ಅಂತ ನಾನು ಹೇಳಲ್ಲ. ಆಗ ಐಸ್ ಪೆಟ್ಟಿಗೆ ಇರಲಿಲ್ಲ. ಜೊತೆಗೆ, ಹೆಣ್ಣುಮಕ್ಕಳನ್ನ ಕೊಟ್ಟಿದ್ದೇ ಒಂದು ಹಗಲಿನ ದಾರಿಗೆ. ಬೆಳಗ್ಗೆ ಹೇಳಿ ಕಳಿಸಿದ್ರೆ ಸಾಯಂಕಾಲದೊಳಗೆ ಬರಬೇಕಾದ ಕರುಳೆಲ್ಲಾ ಬಂದು ಸೇರ್ತಿತ್ತು. ಆ ಪದ್ಧತಿ ಕೂಡ ದೂರ ಅಳೆದೇ ಮಾಡಿದ್ದು ಅಂತ ನನಗೆ ಅನ್ನಿಸ್ತದೆ. ಎಲ್ಲರೂ ಬಂದು ಮುಖ ನೋಡಲಿ ಅಂತಲೇ ಅಷ್ಟು ಹೊತ್ತು ಇಟ್ಟಿದ್ದು. ಈಗ ಮಕ್ಕಳನ್ನ ನಾವೇ ಹದಿನಾಲ್ಕು ಸಾವಿರ ಕಿಲೋಮೀಟರ್ ಆಚೆ ಕಳಿಸಿ, ಹೆಮ್ಮೆಯಿಂದ ಹೇಳ್ಕೊಂಡು ಓಡಾಡ್ತೀವಿ. ಕಾಯೋ ಹೊತ್ತು ಮಾತ್ರ ಎತ್ತಿನ ಗಾಡೀದೇ ಇಟ್ಕೊಂಡಿದ್ದೀವಿ.

ಹೋದ ವಾರ ಸೋದರತ್ತೆ ಮನೆಗೆ ಹೋಗಿ ಈ ಲೆಕ್ಕ ಎಲ್ಲಾ ಹೇಳಿದೆ. ಅವತ್ತು ರಾತ್ರಿ ಇಡೋ ಹಂಗಿಲ್ಲ ಅಂದವರಲ್ಲಿ ಅವರೂ ಒಬ್ರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕೈ ಹಿಡ್ಕೊಂಡು, "ನಮಗೇನ್ ಗೊತ್ತಿತ್ತಮ್ಮ, ಒಂದೇ ರಾತ್ರಿ ಅಂತ? ಅಮೆರಿಕಾ ಅಂದ್ರೆ ಬರೋಕೆ ವಾರ ಆಯ್ತದೆ ಅಂದ್ಕೊಂಡಿದ್ವಿ" ಅಂದ್ರು. ಅವರ ತಪ್ಪಿಲ್ಲ. ಆ ಜಾವದಲ್ಲಿ ಯಾರೂ ಕೂತು ಲೆಕ್ಕ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಅದಕ್ಕೇ ಇದನ್ನ ಬರೆದಿದ್ದು. ಮನೇಲಿ ಕೂತು, ಎಲ್ಲರೂ ಚೆನ್ನಾಗಿರೋವಾಗಲೇ ಲೆಕ್ಕ ಹಾಕಿಡಿ. ನಿಮ್ಮ ಮಗನೋ ಮಗಳೋ ಇರೋ ಊರಿಂದ ನಿಮ್ಮ ಹೊಸಲಿಗೆ ಎಷ್ಟು ಗಂಟೆ, ದಿನದಲ್ಲಿ ಯಾವ ಹೊತ್ತಿಗೆ ವಿಮಾನ ಐತೆ, ಅಲ್ಲಿ ಎಷ್ಟು ಗಂಟೆ ಆದ್ರೆ ಇಲ್ಲಿ ಎಷ್ಟು, ಅಂತ. ವಿಮಾನದ ವೇಳೆ ಬದಲಾಗ್ತಾ ಇರ್ತದೆ, ಆರು ತಿಂಗಳಿಗೊಂದ್ಸಲ ಮಕ್ಕಳನ್ನೇ ಕೇಳಿ ತಿದ್ದಿ. ನಾನು ಒಂದು ಚೀಟೀಲಿ ಬರೆದು ದೇವರ ಮನೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದೀನಿ. ಯಜಮಾನ್ರಿಗೂ ತಮ್ಮನಿಗೂ ತೋರಿಸಿದ್ದೀನಿ.

ಕೊನೇಲಿ ಕೇಳೋದೈತೆ ಅಂದಿದ್ನಲ್ಲ, ಅದು ಇದೇ. ನನಗೀಗ ಐವತ್ತಾರು, ಗಟ್ಟಿಯಾಗೇ ಇದ್ದೀನಿ, ಗಾಬರಿ ಆಗಬೇಡಿ. ಆದ್ರೆ ಎಂದಾದ್ರೂ ನನ್ನ ಹೊತ್ತು ಬಂದಾಗ ನೀವೆಲ್ಲಾ ಸುತ್ತ ಕೂತಿರ್ತೀರಲ್ಲ, ಆಗ ಯಾರಾದ್ರೂ ದೊಡ್ಡೋರು ಹೊತ್ತಾಯ್ತು ಎತ್ತಿ ಅಂದ್ರೆ, ನಿಮ್ಮಲ್ಲಿ ಒಬ್ಬರು ಎದ್ದು ಆ ಚೀಟಿ ತೆಗೆದು ಓದಿ. ಐಸ್ ಪೆಟ್ಟಿಗೆ ಕೋಲಾರದಲ್ಲೂ ಸಿಗ್ತದೆ. ಮಗಳು ವಿಮಾನ ಹತ್ತಿದ್ಲಾ ಅಂತ ಒಂದು ಫೋನ್ ಮಾಡಿ. ಹತ್ತಿದ್ದಾಳೆ ಅಂದ್ರೆ ಒಂದು ರಾತ್ರಿ ನನ್ನ ಜೊತೆ ಕೂತ್ಕೊಳ್ಳಿ ಕಣ್ರಮ್ಮ. ಟೀ ಕಾಯಿಸ್ಕೊಂಡು ಕುಡೀತಾ, ನನ್ನ ಬಗ್ಗೆ ಒಳ್ಳೇದೋ ಕೆಟ್ಟದ್ದೋ ಮಾತಾಡ್ಕೊಂಡು ಕೂತಿರಿ. ಬೆಳಗಾಗೋದರೊಳಗೆ ಅವಳು ಬತ್ತಾಳೆ.